ಶಾಲೆಯ ಪಂಕ್ತಿ

ಪಾಠ ಹೇಳುವುದು ಶಾಲೆಯ ಕೆಲಸ, ಅನ್ನವಿಕ್ಕುವುದು ಮನೆಯ ಕೆಲಸ ಎಂಬ ಮಾತು ಮೇಲುನೋಟಕ್ಕೆ ನ್ಯಾಯವಾಗಿಯೇ ತೋರುತ್ತದೆ. ಎರಡು ಕೆಲಸಗಳೂ ತಮ್ಮ ತಮ್ಮ ಸ್ಥಾನದಲ್ಲಿ ಸರಿಯಾಗಿ ನಡೆಯುವ ಮನೆಗಳಿಂದ ಬಂದವರಿಗೆ ಇದರಲ್ಲಿ ಸಂದೇಹವೇ ಹುಟ್ಟುವುದಿಲ್ಲ. ಆದರೆ ಮುಂಜಾನೆ ಕೂಲಿಗೆ ಹೊರಟ ತಾಯಿ ಒಲೆ ಹಚ್ಚದೆಯೇ ಹೋದ ಮನೆಯಿಂದ ಒಂದು ಮಗು ಬಂದು ತರಗತಿಯಲ್ಲಿ ಕುಳಿತಾಗ, ಈ ಅಂದವಾದ ವಿಂಗಡಣೆ ನಿಲ್ಲುವುದಿಲ್ಲ. ಉಪಾಧ್ಯಾಯರು ಕರಿಯ ಹಲಗೆಯ ಮೇಲೆ ಬರೆದ ಲೆಕ್ಕ ಆ ಮಗುವಿನ ಕಣ್ಣಿಗೆ ಬೀಳುತ್ತದೆಯೇ ಹೊರತು ತಲೆಗೆ ಹತ್ತುವುದಿಲ್ಲ.

ಈ ವಿಷಯದಲ್ಲಿ ನಾವು ವಿಚಾರಮಾಡತಕ್ಕ ಪ್ರಶ್ನೆಗಳು ಎರಡು. ಶಾಲೆಯಲ್ಲಿ ಊಟವನ್ನು ಏಕೆ ಇಕ್ಕಬೇಕು ಎಂಬುದು ಮೊದಲನೆಯದು. ಯಾರಿಗೆ ಇಕ್ಕಬೇಕು, ಬಡವರೆಂದು ಗೊತ್ತಾದ ಮಕ್ಕಳಿಗೆ ಮಾತ್ರವೋ ಅಥವಾ ತರಗತಿಯಲ್ಲಿ ಕುಳಿತ ಎಲ್ಲರಿಗೂ ಸಮನಾಗಿಯೋ ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರ ಹೇಳುವುದು ಅಷ್ಟು ಕಷ್ಟವಲ್ಲ. ಎರಡನೆಯದು ಬರಿಯ ಏರ್ಪಾಟಿನ ಪ್ರಶ್ನೆಯೆಂದು ಕಂಡರೂ, ಆ ಊಟ ಭಿಕ್ಷೆಯಾಗುತ್ತದೆಯೋ ಹಕ್ಕಾಗುತ್ತದೆಯೋ ಎಂಬುದು ಅದರ ಮೇಲೆಯೇ ನಿಂತಿದೆ.

ಮೊದಲು ದೇಹದ ಮಾತನ್ನು ತೆಗೆದುಕೊಳ್ಳೋಣ. ಐದಾರು ವರ್ಷದ ಮಗು ಸುಮ್ಮನೆ ಮಲಗಿದ್ದಾಗಲೂ ಅದರ ದೇಹ ವ್ಯಯಮಾಡುವ ಶಕ್ತಿಯಲ್ಲಿ ಅರ್ಧಕ್ಕೂ ಮಿಗಿಲಾದ ಪಾಲನ್ನು ಮಿದುಳೊಂದೇ ಬಳಸಿಕೊಳ್ಳುತ್ತದೆ ಎಂದು ಶರೀರಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಬೆಳೆಯುವ ವಯಸ್ಸಿನಲ್ಲಿ ಆಹಾರ ಸಾಲದೆ ಹೋದರೆ ದೇಹ ಮೊದಲು ಆಟವನ್ನು ಬಿಡುತ್ತದೆ. ಆಮೇಲೆ ಗಮನವನ್ನು ಬಿಡುತ್ತದೆ. ಕೊನೆಗೆ ಬೆಳವಣಿಗೆಯನ್ನೇ ಬಿಡುತ್ತದೆ. ಕಬ್ಬಿಣದ ಅಂಶ ಕಡಿಮೆಯಾದ ಮಗು ಬೇಗ ಬಳಲುತ್ತದೆ, ಜಡವಾಗಿ ಕಾಣುತ್ತದೆ. ನಾವು ಅದನ್ನು ಮಂದಬುದ್ಧಿಯೆಂದು ಕರೆದು ಸುಮ್ಮನಾಗುತ್ತೇವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 35.5 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಆರು ತಿಂಗಳಿಂದ ಐದು ವರ್ಷದವರೆಗಿನವರಲ್ಲಿ ಶೇಕಡಾ 67ರಷ್ಟು ಮಂದಿ ರಕ್ತಹೀನತೆಯುಳ್ಳವರು. ಒಂದೆರಡು ವರ್ಷ ಕಳೆದ ಮೇಲೆ ಶಾಲೆಯ ಬಾಗಿಲಿಗೆ ಬರುವವರು ಈ ಮಕ್ಕಳೇ. ಹೊಟ್ಟೆಗೆ ಹಿಟ್ಟಿಲ್ಲದವನ ಜುಟ್ಟಿಗೆ ಮಲ್ಲಿಗೆ ಮುಡಿಸಿದಂತೆ, ಅನ್ನವಿಲ್ಲದವನ ಕೈಗೆ ಪುಸ್ತಕವೊಂದನ್ನೇ ಕೊಟ್ಟರೆ ಫಲವೇನು?

ಓದುವ ಹುಡುಗನಿಗೆ ಊಟವಿಕ್ಕುವ ಪದ್ಧತಿ ನಮ್ಮ ನಾಡಿಗೆ ಹೊಸದೇನೂ ಅಲ್ಲ. ವಾರಾನ್ನದ ಕಥೆಯನ್ನು ಕೇಳದ ಹಳೆಯ ಮನೆತನಗಳು ಮೈಸೂರು ಸೀಮೆಯಲ್ಲಿ ವಿರಳ. ಹಳ್ಳಿಯಿಂದ ಪಟ್ಟಣಕ್ಕೆ ಓದಲು ಬಂದ ಬಡ ಹುಡುಗನು ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಏಳು ಮನೆಗಳನ್ನು ಗೊತ್ತುಮಾಡಿಕೊಂಡು ಉಂಡು ಓದುತ್ತಿದ್ದನು. ಹೀಗೆ ಬೆಳೆದು ದೊಡ್ಡ ವಿದ್ವಾಂಸರೂ ಅಧಿಕಾರಿಗಳೂ ಆದವರು ಎಷ್ಟೋ ಮಂದಿ. ಆ ಮನೆಗಳ ಗೃಹಿಣಿಯರ ಔದಾರ್ಯವನ್ನು ನಾವು ಎಷ್ಟು ಸ್ಮರಿಸಿದರೂ ಸಾಲದು. ಆದರೆ ಆ ಪದ್ಧತಿಗೆ ಮೂರು ಎಲ್ಲೆಗಳಿದ್ದುವು ಎಂಬುದನ್ನೂ ಮರೆಯಲಾಗದು. ಬಹುಮಟ್ಟಿಗೆ ಅದು ತಮ್ಮ ತಮ್ಮ ಜಾತಿಯ ಹುಡುಗರಿಗೆ ಮಾತ್ರ ಸಲ್ಲುತ್ತಿತ್ತು. ಹೆಣ್ಣು ಮಗುವಿಗೆ ಅದರಲ್ಲಿ ಎಲೆಯೇ ಇರಲಿಲ್ಲ. ಇಕ್ಕುವ ಮನೆಯಲ್ಲಿ ಸೂತಕವಾದರೆ, ಬೇನೆಯಾದರೆ, ಯಜಮಾನರ ಮನಸ್ಸು ತಿರುಗಿದರೆ, ಆ ವಾರ ಉಪವಾಸ. ಅನ್ನ ದೊರೆಯುತ್ತಿತ್ತು, ನಾಳೆಯೂ ದೊರೆಯುವುದೆಂಬ ಧೈರ್ಯ ದೊರೆಯುತ್ತಿರಲಿಲ್ಲ.

ಇದಕ್ಕಿಂತ ವಿಶಾಲವಾದ ಇನ್ನೊಂದು ಸಂಪ್ರದಾಯವೂ ನಮ್ಮಲ್ಲಿ ಉಂಟು. ಹನ್ನೆರಡನೆಯ ಶತಮಾನದ ಶರಣರು ಕೊಟ್ಟ ದಾಸೋಹವೆಂಬ ಮಾತಿನಲ್ಲಿ ಒಂದು ಸೂಕ್ಷ್ಮವಿದೆ. ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ತುಮಕೂರಿನ ಬಳಿಯ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಬಡಮಕ್ಕಳು ಜಾತಿಮತಗಳ ಭೇದವಿಲ್ಲದೆ ಉಂಡು ಓದುವುದು ಈ ಭಾವನೆಯ ಬಲದಿಂದಲೇ. ಕರ್ನಾಟಕ ಸರ್ಕಾರವು ತನ್ನ ಬಿಸಿಯೂಟದ ಯೋಜನೆಗೆ ‘ಅಕ್ಷರ ದಾಸೋಹ’ವೆಂದು ಹೆಸರಿಟ್ಟಾಗ ಆರಿಸಿದ ಪದ ಇದೇ. ಹೆಸರಿಡುವುದು ಸುಲಭ, ಅದರ ಅರ್ಥಕ್ಕೆ ತಕ್ಕಂತೆ ನಡೆಯುವುದು ಕಷ್ಟ. ಅದು ಎಷ್ಟು ಕಷ್ಟವೆಂಬುದನ್ನು ತಿಳಿಯಲು, ನಮಗಿಂತ ಮೊದಲೇ ಈ ಕೆಲಸಕ್ಕೆ ಕಾನೂನು ಮಾಡಿದ ಇಂಗ್ಲೆಂಡಿನ ಕಡೆಗೆ ಸ್ವಲ್ಪ ನೋಡಬೇಕಾಗುತ್ತದೆ.

1899ರಿಂದ 1902ರವರೆಗೆ ನಡೆದ ಬೋಯರ್ ಯುದ್ಧಕ್ಕೆ ಸೇರಲು ಬಂದ ತರುಣರಲ್ಲಿ ಬಹುಮಂದಿ ದೇಹದಾರ್ಢ್ಯವಿಲ್ಲದೆ ತಿರಸ್ಕೃತರಾದುದನ್ನು ಕಂಡು ಆ ದೇಶ ಬೆಚ್ಚಿತು. ವಿಚಾರಣೆಯಾಯಿತು, 1904ರಲ್ಲಿ ವರದಿ ಹೊರಬಿತ್ತು, 1906ರಲ್ಲಿ ಶಾಲೆಯ ಮಕ್ಕಳಿಗೆ ಊಟವೊದಗಿಸುವ ಶಾಸನವನ್ನು ಪಾರ್ಲಿಮೆಂಟು ಅಂಗೀಕರಿಸಿತು. ಆದರೆ ಅದು ಊಟ ಹಾಕಲು ಸ್ಥಳೀಯ ಸಂಸ್ಥೆಗಳಿಗೆ ಅಧಿಕಾರ ಕೊಟ್ಟಿತೇ ವಿನಾ ಅವುಗಳನ್ನು ಕಟ್ಟುಪಡಿಸಲಿಲ್ಲ. ಮಗುವಿನ ಊಟದ ಹಣವನ್ನು ತೆರಲಾರದ ತಂದೆಯು ಅದೇ ಕಾರಣದಿಂದ ತನ್ನ ಮತದಾನದ ಹಕ್ಕನ್ನು ಕಳೆದುಕೊಳ್ಳತಕ್ಕದ್ದಲ್ಲವೆಂದು ಆ ಶಾಸನದಲ್ಲಿ ಬಿಡಿಸಿ ಬರೆಯಬೇಕಾಯಿತು. ಸಾರ್ವಜನಿಕ ಧರ್ಮಾನ್ನವನ್ನು ಪಡೆದವನು ಪೂರ್ಣ ಪ್ರಜೆಯಲ್ಲವೆಂಬ ಭಾವನೆ ಆಗ ಅಷ್ಟು ಬೇರೂರಿತ್ತು.

ಶಾಸನ ಬಂದ ಮರುವರ್ಷ ಬ್ರಾಡ್‌ಫರ್ಡ್ ಪಟ್ಟಣದಲ್ಲಿ ಕೆಲವು ಬಡಮಕ್ಕಳಿಗೆ ಕ್ರಮವಾಗಿ ಊಟವಿಕ್ಕಿ ಅವರನ್ನು ತೂಕಮಾಡುತ್ತ ಬಂದರು. ಮಕ್ಕಳ ತೂಕ ಏರುತ್ತ ಹೋಯಿತು. ನಡುವೆ ರಜ ಬಂದು ಊಟ ನಿಂತಾಗ ತೂಕ ಇಳಿಯಿತು; ಮತ್ತೆ ಊಟ ಆರಂಭವಾದಾಗ ಏರಿತು. ಹಸಿವಿಗೆ ರಜವಿಲ್ಲವೆಂಬ ಸತ್ಯವನ್ನು ತಕ್ಕಡಿಯೇ ಸಾರಿ ಹೇಳಿತು.

1944ರ ವಿದ್ಯಾಭ್ಯಾಸ ಶಾಸನವು ಇದನ್ನು ಸಂಸ್ಥೆಗಳ ಕರ್ತವ್ಯವನ್ನಾಗಿ ಮಾಡಿತು. ಆದರೂ ಹಣ ಕೊಟ್ಟು ಉಣ್ಣುವ ಮಕ್ಕಳು, ಬಿಟ್ಟಿ ಉಣ್ಣುವ ಮಕ್ಕಳು ಎಂಬ ಎರಡು ತರಗಳು ಉಳಿದುವು. ಬಿಟ್ಟಿ ಊಟದವರಿಗೆ ಬೇರೆ ಬಣ್ಣದ ಚೀಟಿ, ಕೆಲವೆಡೆ ಬೇರೆ ಸಾಲು. ಹತ್ತು ವರ್ಷದ ಮಗುವಿಗೆ ಆ ಚೀಟಿಯ ಬಣ್ಣ ಹಸಿವಿಗಿಂತಲೂ ಹೆಚ್ಚಾಗಿ ಚುಚ್ಚುತ್ತದೆ. ಅರ್ಹರಾದ ಮಕ್ಕಳಲ್ಲಿಯೇ ಅನೇಕರು ನಾಚಿಕೆಯಿಂದ ಊಟ ಬಿಟ್ಟರು. ತಾಯಿತಂದೆಗಳು ಬಡತನವನ್ನು ಕಾಗದದ ಮೇಲೆ ಬರೆದುಕೊಡಲು ಹಿಂಜರಿದರು. 1980ರಲ್ಲಿ ಈ ಕರ್ತವ್ಯವೂ ಕಿರಿದಾಗಿ, ಸರ್ಕಾರದ ಸಹಾಯಧನದಿಂದ ಬದುಕುವ ಸಂಸಾರಗಳ ಮಕ್ಕಳಿಗೆ ಮಾತ್ರ ಉಳಿಯಿತು. ಮತ್ತೆ ಗಾಳಿ ತಿರುಗಿದ್ದು 2014ರಲ್ಲಿ. ಆ ವರ್ಷ ಇಂಗ್ಲೆಂಡಿನ ಸರ್ಕಾರಿ ಶಾಲೆಗಳ ಮೊದಲ ಮೂರು ತರಗತಿಗಳ ಎಲ್ಲ ಮಕ್ಕಳಿಗೂ, 2023ರಲ್ಲಿ ಲಂಡನ್ನಿನ ಸರ್ಕಾರಿ ಪ್ರಾಥಮಿಕ ಶಾಲೆಗಳ ಎಲ್ಲ ಮಕ್ಕಳಿಗೂ ಉಚಿತ ಊಟ ಬಂದಿತು. ಬಡವರನ್ನು ಆರಿಸಿ ಉಣಿಸಲು ಹೊರಟ ದೇಶ, ಆರಿಸುವ ಕ್ರಿಯೆಯೇ ಉಣಿಸುವುದಕ್ಕೆ ಅಡ್ಡಿಯೆಂಬುದನ್ನು ಕಲಿಯಲು ನೂರು ವರ್ಷಕ್ಕೂ ಮೇಲ್ಪಟ್ಟ ಕಾಲವನ್ನು ತೆಗೆದುಕೊಂಡಿತು.

ಇನ್ನು ನಮ್ಮ ದೇಶದ ಸಂಗತಿ. 1920ರಲ್ಲಿ ಮದರಾಸಿನ ನಗರಸಭೆಯು, ಸರ್ ಪಿ. ತ್ಯಾಗರಾಯ ಚೆಟ್ಟಿಯವರು ಅಧ್ಯಕ್ಷರಾಗಿದ್ದಾಗ, ಥೌಸಂಡ್ ಲೈಟ್ಸ್ ಬಡಾವಣೆಯ ತನ್ನ ಶಾಲೆಯಲ್ಲಿ ಮಕ್ಕಳಿಗೆ ತಲೆಗೊಂದಾಣೆಗೆ ಮೀರದ ಖರ್ಚಿನಲ್ಲಿ ಉಪಾಹಾರ ಕೊಡಲು ನಿರ್ಧರಿಸಿತು. 1956ರಲ್ಲಿ ಕಾಮರಾಜರು ಮುಖ್ಯಮಂತ್ರಿಗಳಾಗಿದ್ದಾಗ ಮಧ್ಯಾಹ್ನದ ಊಟ ಆ ಪ್ರಾಂತದ ಶಾಲೆಗಳಲ್ಲೆಲ್ಲ ಹರಡತೊಡಗಿತು. 1982ರಲ್ಲಿ ಎಂ. ಜಿ. ರಾಮಚಂದ್ರನ್ನರು ಅದನ್ನು ಇನ್ನೂ ದೊಡ್ಡ ಪ್ರಮಾಣದಲ್ಲಿ ಕೈಗೊಂಡರು. 1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರದ ಯೋಜನೆ ಹೊರಟಿತಾದರೂ, ಬಹುತೇಕ ರಾಜ್ಯಗಳಲ್ಲಿ ಮಕ್ಕಳಿಗೆ ದೊರೆತದ್ದು ಬೇಯಿಸಿದ ಅನ್ನವಲ್ಲ, ತಿಂಗಳಿಗೆ ಮೂರು ಕಿಲೋ ಧಾನ್ಯ. ಅದು ಮನೆಯ ಮಡಕೆಗೆ ಸೇರಿ ಎಲ್ಲರಲ್ಲಿಯೂ ಹಂಚಿಹೋಗುತ್ತಿತ್ತು. ಅದರಲ್ಲಿ ತಪ್ಪಿಲ್ಲ, ಆದರೆ ಮಧ್ಯಾಹ್ನ ತರಗತಿಯಲ್ಲಿ ಕುಳಿತ ಮಗುವಿನ ಹಸಿವು ಅದರಿಂದ ತೀರಲಿಲ್ಲ.

2001ರಲ್ಲಿ ರಾಜಸ್ಥಾನದಲ್ಲಿ ಬರಗಾಲ. ಸರ್ಕಾರದ ಉಗ್ರಾಣಗಳಲ್ಲಿ ಮಾತ್ರ ಧಾನ್ಯ ತುಂಬಿ ತುಳುಕುತ್ತಿತ್ತು. ಈ ವಿಪರೀತವನ್ನು ಕುರಿತು ನಾಗರಿಕ ಹಕ್ಕುಗಳ ಸಂಘವೊಂದು ಹೂಡಿದ ವ್ಯಾಜ್ಯದಲ್ಲಿ, ಅದೇ ವರ್ಷ ನವೆಂಬರ್ 28ರಂದು ಸುಪ್ರೀಂ ಕೋರ್ಟು ಕೊಟ್ಟ ಆಜ್ಞೆ ಈ ಚರಿತ್ರೆಯ ತಿರುವು. ಸರ್ಕಾರಿ ಮತ್ತು ಸರ್ಕಾರದ ನೆರವು ಪಡೆದ ಪ್ರಾಥಮಿಕ ಶಾಲೆಗಳ ಪ್ರತಿಯೊಂದು ಮಗುವಿಗೂ, ದಿನಕ್ಕೆ ಕನಿಷ್ಠ 300 ಕ್ಯಾಲೊರಿ ಶಕ್ತಿಯೂ 8ರಿಂದ 12 ಗ್ರಾಂ ಪ್ರೋಟೀನೂ ಇರುವ ಬೇಯಿಸಿದ ಊಟವನ್ನು, ವರ್ಷಕ್ಕೆ ಕನಿಷ್ಠ 200 ದಿನ ಕೊಡತಕ್ಕದ್ದೆಂದು ನ್ಯಾಯಾಲಯ ವಿಧಿಸಿತು. ಈ ವಾಕ್ಯದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಮಾತು ‘ಪ್ರತಿಯೊಂದು ಮಗುವಿಗೂ’ ಎಂಬುದು. ಬಡತನದ ಚೀಟಿ ಬೇಡ, ತಂದೆಯ ಆದಾಯದ ವಿಚಾರಣೆ ಬೇಡ. ಶಾಲೆಗೆ ಬಂದ ಮಗು ಎಂಬುದೇ ಅರ್ಹತೆ. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಮೊದಲು ಒಲೆ ಹೊತ್ತಿತು, 2003ರಲ್ಲಿ ಉಳಿದ ಜಿಲ್ಲೆಗಳಲ್ಲಿ, ತರುವಾಯ ಪ್ರೌಢಶಾಲೆಗಳಲ್ಲಿಯೂ. 2013ರ ಆಹಾರ ಭದ್ರತಾ ಶಾಸನದಿಂದ ಎಂಟನೆಯ ತರಗತಿಯವರೆಗೆ ಇದು ಕಾನೂನಿನ ಹಕ್ಕಾಯಿತು. 2021ರಲ್ಲಿ ಕೇಂದ್ರ ಯೋಜನೆಯ ಹೆಸರು ಪಿ. ಎಂ. ಪೋಷಣ್ ಎಂದು ಬದಲಾದಾಗ, 11.2 ಲಕ್ಷ ಶಾಲೆಗಳ ಸುಮಾರು 11.8 ಕೋಟಿ ಮಕ್ಕಳು ಅದರ ಲೆಕ್ಕದೊಳಗಿದ್ದರು.

ಊಟದ ಪ್ರಮಾಣವೆಷ್ಟು? ಐದನೆಯ ತರಗತಿಯವರೆಗಿನ ಮಗುವಿಗೆ ಧಾನ್ಯ 100 ಗ್ರಾಂ, ಬೇಳೆ 20 ಗ್ರಾಂ, ತರಕಾರಿ 50 ಗ್ರಾಂ, ಎಣ್ಣೆ 5 ಗ್ರಾಂ. ಒಟ್ಟು 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು. ಆರರಿಂದ ಎಂಟನೆಯ ತರಗತಿಯವರಿಗೆ ಧಾನ್ಯ 150 ಗ್ರಾಂ, ಬೇಳೆ 30, ತರಕಾರಿ 75, ಎಣ್ಣೆ ಏಳೂವರೆ ಗ್ರಾಂ. ಒಟ್ಟು 700 ಕ್ಯಾಲೊರಿ, 20 ಗ್ರಾಂ ಪ್ರೋಟೀನು. ಕರ್ನಾಟಕದಲ್ಲಿ 2013ರ ಆಗಸ್ಟಿನಿಂದ ಹಾಲೂ ಸೇರಿತು. 2021ರ ಡಿಸೆಂಬರಿನಲ್ಲಿ ಕೆಲವು ಜಿಲ್ಲೆಗಳಲ್ಲಿ ಮೊದಲಾದ ಮೊಟ್ಟೆ ತರುವಾಯ ರಾಜ್ಯಕ್ಕೆಲ್ಲ ಹರಡಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಇನ್ನು ಖರ್ಚು: ಧಾನ್ಯವನ್ನು ಬಿಟ್ಟು ಬೇಳೆ, ತರಕಾರಿ, ಎಣ್ಣೆ, ಸಂಬಾರ, ಉರುವಲುಗಳಿಗಾಗಿ 2025ರ ಮೇ ತಿಂಗಳಿನಲ್ಲಿ ಗೊತ್ತುಮಾಡಿದ ಮೊಬಲಗು ಚಿಕ್ಕ ಮಗುವಿಗೆ ದಿನಕ್ಕೆ 6 ರೂಪಾಯಿ 78 ಪೈಸೆ, ದೊಡ್ಡ ಮಗುವಿಗೆ 10 ರೂಪಾಯಿ 17 ಪೈಸೆ. ಬೆಂಗಳೂರಿನ ಹೋಟೆಲಿನಲ್ಲಿ ಈ ಹಣಕ್ಕೆ ಒಂದು ಲೋಟ ಕಾಫಿ ಹುಟ್ಟುವುದು ಕಷ್ಟ. ಬಿಟ್ಟಿ ಊಟದಿಂದ ಬೊಕ್ಕಸ ಬರಿದಾಗುತ್ತಿದೆಯೆಂದು ಮರುಗುವವರು ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡಬೇಕು.

ಪ್ರಯೋಜನವಾಯಿತೇ? ಹಾಜರಿ ಏರಿತು, ಮುಖ್ಯವಾಗಿ, ಮನೆಯಲ್ಲಿ ತಮ್ಮನನ್ನು ಎತ್ತಿಕೊಂಡು ಕೂರಬೇಕಾಗಿದ್ದ ಹೆಣ್ಣುಮಕ್ಕಳು ಶಾಲೆಗೆ ಬಂದರು. ಆಂಧ್ರಪ್ರದೇಶದಲ್ಲಿ ಬರದಿಂದ ಸೊರಗಿದ ಎಳೆಯ ಮಕ್ಕಳು ಶಾಲೆಯ ಊಟದಿಂದ ಚೇತರಿಸಿಕೊಂಡುದನ್ನು ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. 2021ರಲ್ಲಿ ಪ್ರಕಟವಾದ ಇನ್ನೊಂದು ಸಂಶೋಧನೆಯಂತೆ, ಬಾಲ್ಯದಲ್ಲಿ ಶಾಲೆಯ ಊಟ ಉಂಡು ಬೆಳೆದ ಹೆಂಗಸರ ಮಕ್ಕಳು ಎತ್ತರದಲ್ಲಿ ಇತರರಿಗಿಂತ ಮುಂದಿದ್ದಾರೆ. ಇಂದು ಒಂದು ಹುಡುಗಿಯ ತಟ್ಟೆಗೆ ಬಿದ್ದ ಸಾರು ಇಪ್ಪತ್ತು ವರ್ಷಗಳ ಮೇಲೆ ಅವಳ ಮಗುವಿನ ಮೂಳೆಯಲ್ಲಿ ಕಾಣಿಸಿಕೊಳ್ಳುತ್ತದೆ.

ಆಕ್ಷೇಪಣೆಗಳಿಗೇನೂ ಕೊರತೆಯಿಲ್ಲ. ಬಿಟ್ಟಿ ಊಟದಿಂದ ತಾಯಿತಂದೆಗಳು ಸೋಮಾರಿಗಳಾಗುತ್ತಾರೆ ಎನ್ನುವವರಿದ್ದಾರೆ. ಮಗುವಿನ ಒಂದು ಹೊತ್ತಿನ ಊಟ ಉಳಿಯಿತೆಂದು ಕೂಲಿಯನ್ನು ಬಿಟ್ಟು ಕುಳಿತುಕೊಳ್ಳಬಲ್ಲ ಸಂಸಾರ ಎಲ್ಲಿದೆ? ಉಪಾಧ್ಯಾಯರ ಹೊತ್ತು ಅಕ್ಕಿಬೇಳೆಯ ಲೆಕ್ಕದಲ್ಲಿ ಹೋಗುತ್ತದೆ ಎಂಬ ಆಕ್ಷೇಪಣೆಯಲ್ಲಿ ಮಾತ್ರ ಸತ್ಯವಿದೆ. ಅದಕ್ಕೆ ಪರಿಹಾರ ಲೆಕ್ಕಕ್ಕೆ ಬೇರೆಯವರನ್ನು ನೇಮಿಸುವುದೇ ಹೊರತು ಒಲೆ ಆರಿಸುವುದಲ್ಲ. ಶುಚಿಯ ವಿಷಯದಲ್ಲಂತೂ ಎಷ್ಟು ಎಚ್ಚರವಿದ್ದರೂ ಸಾಲದು. 2013ರ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಒಂದು ಹಳ್ಳಿಯ ಶಾಲೆಯಲ್ಲಿ ಕೀಟನಾಶಕ ಬೆರೆತ ಊಟವನ್ನುಂಡು 23 ಮಕ್ಕಳು ಸತ್ತರು. ಮಕ್ಕಳಿಗೆ ಬಡಿಸುವ ಮುಂಚೆ ಉಪಾಧ್ಯಾಯರೊಬ್ಬರು ಊಟದ ರುಚಿ ನೋಡತಕ್ಕದ್ದೆಂಬ ನಿಯಮ ಇಂದು ಇರುವುದು ಔಪಚಾರಿಕವಾಗಿ ಅಲ್ಲ.

ಎಲ್ಲರಿಗೂ ಊಟವಿಕ್ಕುವುದರಲ್ಲಿ ಹೊಟ್ಟೆಯ ಮಾತಿನ ಜೊತೆಗೆ ಪಂಕ್ತಿಯ ಮಾತೂ ಇದೆ. ಪಂಕ್ತಿಭೇದ ನಮ್ಮ ಸಮಾಜದ ಹಳೆಯ ರೋಗ. ಸಹಪಂಕ್ತಿ ಭೋಜನ ನಮ್ಮ ಸುಧಾರಕರ ಹಳೆಯ ಕನಸು. ಅವರು ವರ್ಷಕ್ಕೊಮ್ಮೆ ಸಭೆ ಸೇರಿಸಿ ಪ್ರಯಾಸದಿಂದ ನಡೆಸುತ್ತಿದ್ದುದು ಇಂದು ಪ್ರತಿ ಮಧ್ಯಾಹ್ನ ಲಕ್ಷಾಂತರ ಶಾಲೆಗಳ ಜಗಲಿಯ ಮೇಲೆ ಸದ್ದಿಲ್ಲದೆ ನಡೆಯುತ್ತಿದೆ. ಅಡುಗೆಯವರ ನೇಮಕದಲ್ಲಿ ದಲಿತರಿಗೂ ಪರಿಶಿಷ್ಟ ಜಾತಿ ಪಂಗಡಗಳವರಿಗೂ ಆದ್ಯತೆ ಸಲ್ಲಬೇಕೆಂದು 2004ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಹೇಳಿದುದರ ಮರ್ಮ ಇದೇ. ದಲಿತ ಹೆಂಗಸು ಬೇಯಿಸಿದ ಅನ್ನವನ್ನು ಮಕ್ಕಳು ಉಣ್ಣಕೂಡದೆಂದು ಹಿರಿಯರು ತಡೆದ ಸಂಗತಿಗಳು ನಮ್ಮ ರಾಜ್ಯದಿಂದಲೂ ವರದಿಯಾಗಿವೆ. ಅಂಥ ಕಡೆ ತಟ್ಟೆಯನ್ನು ದೂರ ತಳ್ಳಿದ್ದು ಮಗುವಿನ ಕೈಯಾದರೂ ಅದನ್ನು ತಳ್ಳಿಸಿದ ಬುದ್ಧಿ ಮನೆಯದು. ಆ ಅಡುಗೆಯವರ ಗೌರವಧನವನ್ನು ಕೇಂದ್ರ ಸರ್ಕಾರ 2009ರಲ್ಲಿ ಗೊತ್ತುಮಾಡಿದ್ದು ತಿಂಗಳಿಗೆ 1000 ರೂಪಾಯಿ, ಅದೂ ವರ್ಷಕ್ಕೆ ಹತ್ತೇ ತಿಂಗಳು. ರಾಜ್ಯಗಳು ತಮ್ಮ ಪಾಲನ್ನು ಸೇರಿಸುತ್ತವೆ. ನೂರು ಮಕ್ಕಳಿಗೆ ಬೇಯಿಸುವವರು ಇಬ್ಬರು. ತಮ್ಮ ಮಕ್ಕಳ ರಜದ ತಿಂಗಳುಗಳನ್ನು ಇವರು ಹೇಗೆ ಕಳೆಯಬೇಕು?

ಇಷ್ಟಾದರೂ ಪಂಕ್ತಿ ಪೂರ್ಣವಾಗಿಲ್ಲ. ಏಕೆಂದರೆ ಪ್ರತಿಯೊಂದು ಮಗುವಿಗೂ ಎಂದು ನ್ಯಾಯಾಲಯ ಹೇಳಿದ್ದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ. ಅನುಕೂಲವಂತರು, ಎಂದರೆ ಈ ಮಾತುಗಳನ್ನು ಕೇಳುತ್ತಿರುವ ನಮ್ಮಂಥವರು, ಬಹುಮಟ್ಟಿಗೆ ಮಕ್ಕಳನ್ನು ಆ ಶಾಲೆಗಳಿಂದ ಬಿಡಿಸಿಯಾಗಿದೆ. ಇಂಗ್ಲೆಂಡಿನ ಶಾಲೆಯೊಳಗೆ ಚೀಟಿಯ ಬಣ್ಣದಿಂದಾದ ವಿಂಗಡಣೆ ನಮ್ಮಲ್ಲಿ ಶಾಲೆಯ ಬಾಗಿಲಿನಲ್ಲಿಯೇ ಆಗಿಹೋಗುತ್ತದೆ. ಒಳಗೆ ಎಲ್ಲರಿಗೂ ಒಂದೇ ಅನ್ನ, ನಿಜ. ಆದರೆ ಆ ಎಲ್ಲರೂ ಬಡವರೇ. ನಮ್ಮ ಮಗು ಉಣ್ಣದ ಅನ್ನದಲ್ಲಿ ಕಲ್ಲಿದ್ದರೆ ನಮ್ಮ ಹಲ್ಲಿಗೆ ತಿಳಿಯುವುದಿಲ್ಲ. ಬೇಳೆ ತೆಳುವಾದರೆ, ತರಕಾರಿ ಹೆಸರಿಗೆ ಮಾತ್ರ ಬಿದ್ದರೆ, ಕೇಳಬಲ್ಲ ಗಂಟಲುಳ್ಳವರು ಆ ಪಂಕ್ತಿಯಲ್ಲಿ ಇಲ್ಲ. ಬಡವರಿಗೆ ಮಾತ್ರ ಎಂದಾದ ಊಟ ಕ್ರಮೇಣ ಬಡ ಊಟವೇ ಆಗಿಬಿಡುವ ಅಪಾಯ ಇಲ್ಲಿದೆ.

ಹಾಗಾದರೆ ನಾವು ಮಾಡತಕ್ಕದ್ದೇನು? ಎಲ್ಲರೂ ನಾಳೆಯೇ ಮಕ್ಕಳನ್ನು ಸರ್ಕಾರಿ ಶಾಲೆಗೆ ಸೇರಿಸಿಯಾರೆಂದು ನಾವು ನಿರೀಕ್ಷಿಸುವುದಿಲ್ಲ. ಆದರೆ ನಮ್ಮ ಬೀದಿಯ ಶಾಲೆಯಲ್ಲಿ ಮಧ್ಯಾಹ್ನ ಏನು ಬೇಯುತ್ತದೆಂಬುದನ್ನು ತಿಳಿದುಕೊಳ್ಳುವುದು ಯಾರಿಗೂ ಅಸಾಧ್ಯವಲ್ಲ. ಪ್ರಮಾಣದ ಅಂಕಿಗಳನ್ನು ಮೇಲೆ ಹೇಳಿದ್ದು ಅದಕ್ಕಾಗಿಯೇ. ಅವು ಮಕ್ಕಳ ಹಕ್ಕಿನ ಅಳತೆ, ಕೇಳುವವನ ಕೈಯ ಅಳತೆಗೋಲು. ಹುಟ್ಟುಹಬ್ಬದ ದಿನ ಶಾಲೆಗೆ ಸಿಹಿ ಕಳುಹಿಸುವವರು ಕಳುಹಿಸಲಿ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕೈಮುಗಿಸಿ ಚಿತ್ರ ತೆಗೆಸಿಕೊಂಡರೆ ಅದು ದಾಸೋಹವಾಗದು, ಹಳೆಯ ದಾನವೇ ಆದೀತು. ಬೇಸಗೆಯ ರಜದಲ್ಲಿ, ವಿಶೇಷವಾಗಿ ಬರಪೀಡಿತ ತಾಲ್ಲೂಕುಗಳಲ್ಲಿ, ಒಲೆ ಆರದಂತೆ ನೋಡಿಕೊಳ್ಳಬೇಕೆಂದು ಒತ್ತಾಯಿಸೋಣ. 2020ರ ಮಾರ್ಚಿನಲ್ಲಿ ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದಾಗ ಅನ್ನದ ಬದಲಿಗೆ ಧಾನ್ಯ ಹಂಚಬೇಕಾಯಿತು. ಬ್ರಾಡ್‌ಫರ್ಡಿನ ತಕ್ಕಡಿ ಕಲಿಸಿದ ಪಾಠವನ್ನು ನಾವು ಮತ್ತೊಮ್ಮೆ ಓದಿದೆವು. ಶಾಸನದ ಬಲದಿಂದ ಖಾಸಗಿ ಶಾಲೆಗಳಿಗೆ ಸೇರಿದ ಬಡಮಕ್ಕಳಿಗೆ ಈ ಊಟವಿಲ್ಲವೆಂಬುದೂ ಯೋಚಿಸತಕ್ಕ ಸಂಗತಿ. ಪಕ್ಕದವನ ಬುತ್ತಿ ತೆರೆಯುವಾಗ ಆ ಮಗು ಎತ್ತ ನೋಡಬೇಕು?

ಪಾಠ ಹೇಳುವುದು ಶಾಲೆಯ ಕೆಲಸವೆಂದರೆ, ಒಟ್ಟಿಗೆ ಕುಳಿತು ಉಣ್ಣುವುದೂ ಅಲ್ಲಿ ಕಲಿಯತಕ್ಕ ಪಾಠವೇ. ಗಣಿತವನ್ನಾಗಲಿ ಚರಿತ್ರೆಯನ್ನಾಗಲಿ ಬಡವರಿಗೆ ಮಾತ್ರ ಎಂದು ನಾವು ಹೇಳಿಕೊಡುವುದಿಲ್ಲ. ಈ ಪಾಠಕ್ಕೂ ಅದೇ ನಿಯಮ ಸಲ್ಲಬೇಕು.